ಇನ್‌ಹೇಲರ್ ಭಯವೂ ಪರೀಕ್ಷೆಗೆ ಒಳಗಾಗಿದೆ

ಉಬ್ಬಸದಿಂದ ಬಳಲುವ ಮಗುವಿಗೆ ವೈದ್ಯರು ಇನ್‌ಹೇಲರ್ ಬರೆದುಕೊಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವುದು ಭಯ. ಪಂಪಿಗೆ ಒಗ್ಗಿದರೆ ಜೀವಮಾನವಿಡೀ ಬಿಡುವಂತಿಲ್ಲ, ಸ್ಟಿರಾಯ್ಡ್ ಸೇರಿದರೆ ಮಗುವಿನ ಬೆಳವಣಿಗೆ ನಿಂತುಹೋಗುತ್ತದೆ ಎಂಬ ಮಾತುಗಳನ್ನು ವಿದ್ಯಾವಂತರೂ ಆಡುತ್ತಾರೆ. ಹೆಣ್ಣುಮಗುವಾದರಂತೂ ಕಾಯಿಲೆಗಿಂತ ಇನ್‌ಹೇಲರನ್ನು ಬಚ್ಚಿಡುವ ಚಿಂತೆಯೇ ದೊಡ್ಡದು. ನಾಳೆ ಸಂಬಂಧ ಕುದುರಬೇಕಲ್ಲ! ಹೀಗಾಗಿ ಸಿರಪ್ ಬಾಟಲಿಯೇ ಸುರಕ್ಷಿತವೆಂದು ನಂಬಲಾಗುತ್ತದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಒತ್ತಿಗೆ ಹೊರಬರುವುದು 100 ಮೈಕ್ರೋಗ್ರಾಂ. ಅದೇ ಔಷಧಿಯನ್ನು ಬಾಯಿಯ ಮೂಲಕ 2 ಮಿಲಿಗ್ರಾಂ ಕೊಟ್ಟರೆ ಅದು ಇಪ್ಪತ್ತು ಪಟ್ಟು. ಶ್ವಾಸಕೋಶಕ್ಕೆ ಬೇಕಾದ ಔಷಧಿ ಹೊಟ್ಟೆ, ರಕ್ತಗಳನ್ನು ಸುತ್ತಿ ಬರುವಷ್ಟರಲ್ಲಿ ಮಗುವಿನ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ.

ಸ್ಟಿರಾಯ್ಡ್ ಕುರಿತ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಆ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಪರೀಕ್ಷಿಸಿಯೂ ಆಗಿದೆ. ಅಮೆರಿಕ ಮತ್ತು ಕೆನಡಾದ ಎಂಟು ನಗರಗಳಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಲಾಯಿತು. ಕೆಲವರಿಗೆ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಇನ್‌ಹೇಲರ್, ಕೆಲವರಿಗೆ ನೆಡೊಕ್ರೊಮಿಲ್ ಎಂಬ ಬೇರೆ ಔಷಧಿ, ಉಳಿದವರಿಗೆ ಔಷಧಿಯಂತೆಯೇ ತೋರುವ ಹುಸಿ ಔಷಧಿ. ನಾಲ್ಕರಿಂದ ಆರು ವರ್ಷ ನಡೆದ ಈ ಅಧ್ಯಯನದ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹುಸಿ ಔಷಧಿ ಪಡೆದವರಿಗೆ ಹೋಲಿಸಿದರೆ ಬುಡೆಸೊನೈಡ್ ಪಡೆದ ಮಕ್ಕಳು ಆಸ್ಪತ್ರೆ ಸೇರಿದ್ದು ಕಡಿಮೆ, ತುರ್ತಾಗಿ ವೈದ್ಯರ ಬಳಿಗೆ ಓಡಿದ್ದೂ ಕಡಿಮೆ. ಎತ್ತರದಲ್ಲಿ ಅವರು ಒಂದು ಸೆಂಟಿಮೀಟರಿನಷ್ಟು ಹಿಂದುಳಿದದ್ದೂ ನಿಜ. ಅದೇ ಮಕ್ಕಳು ಪ್ರೌಢರಾದ ಬಳಿಕ ಮತ್ತೆ ಅಳೆದಾಗ ಕಂಡ ವ್ಯತ್ಯಾಸ 1.2 ಸೆಂಟಿಮೀಟರ್ ಎಂದು 2012ರಲ್ಲಿ ವರದಿಯಾಯಿತು. ಬೆಳವಣಿಗೆ ನಿಂತುಹೋಗುತ್ತದೆ ಎಂಬ ವದಂತಿಯ ನಿಜವಾದ ಅಳತೆ ಇಷ್ಟೇ! ಒಂದೂಕಾಲು ಸೆಂಟಿಮೀಟರಿಗೆ ಹೆದರಿ ಮಗುವಿನ ಉಸಿರನ್ನು ಪಣಕ್ಕಿಡಬಹುದೇ? ಇದು ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಮದ್ದಲ್ಲ ಎಂಬುದನ್ನೂ ಅದೇ ಅಧ್ಯಯನ ಮುಚ್ಚುಮರೆಯಿಲ್ಲದೆ ಹೇಳಿತು.

ಇನ್ನು ನಮ್ಮ ನಾಡಿನ ಸ್ಥಿತಿ. ಬೆಂಗಳೂರಿನ ಡಾ. ಎಚ್. ಪರಮೇಶ್ ಆಸ್ಪತ್ರೆಯಲ್ಲಿ 20,000 ಮಕ್ಕಳನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೇರಿತ್ತು. ಆಸ್ಪತ್ರೆಯ ಹೊರಗೆ, ಮೈಸೂರು ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ಸಮೀಕ್ಷೆ ನಡೆಸಿತು. 2022ರಲ್ಲಿ ಪ್ರಕಟವಾದ ಅದರ ಪ್ರಕಾರ ಮಕ್ಕಳಲ್ಲಿ ಅಸ್ತಮಾ ಶೇ. 3ರಿಂದ 4ರ ನಡುವೆ. ಆತಂಕ ಹುಟ್ಟಿಸುವ ಸಂಖ್ಯೆ ಬೇರೆಯದು. ಎದೆಯಲ್ಲಿ ಸುಯ್‌ಗುಟ್ಟುವ ಸದ್ದಿದ್ದವರ ಪೈಕಿ ಶೇ. 82 ಮಂದಿಗೆ ಅದು ಅಸ್ತಮಾ ಎಂದು ಯಾವ ವೈದ್ಯರೂ ಗುರುತಿಸಿರಲಿಲ್ಲ. ಅವರಲ್ಲಿ ನಿತ್ಯ ಸ್ಟಿರಾಯ್ಡ್ ಇನ್‌ಹೇಲರ್ ಬಳಸುತ್ತಿದ್ದವರು ಶೇ. 2.5ಕ್ಕಿಂತಲೂ ಕಡಿಮೆ. ಸಾವಿರಾರು ಮಕ್ಕಳ ಮೇಲೆ ಪರೀಕ್ಷಿಸಿ ಸಿದ್ಧಪಡಿಸಿದ ಔಷಧಿ ಅಂಗಡಿಯಲ್ಲಿದೆ, ಮಗು ಮಾತ್ರ ಕಷಾಯ ಕುಡಿದು ರಾತ್ರಿಯಿಡೀ ಕುಳಿತೇ ಇರುತ್ತದೆ ಎಂಬುದು ಎಂತಹ ವಿಪರ್ಯಾಸ!

ನಂಜನಗೂಡು ತಾಲ್ಲೂಕಿನ ಹೆಡತಲೆಯಂತಹ ಊರಿನಲ್ಲಿ ನಡುರಾತ್ರಿ ಮಗುವಿಗೆ ಉಸಿರು ಕಟ್ಟಿದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಕೈಗೆಟಕುವ ದೂರದಲ್ಲಿಲ್ಲ. ಅಂತಹ ಹೊತ್ತಿಗೆ ಬೇಕಾದದ್ದು ಇನ್‌ಹೇಲರ್ ಮತ್ತು ಸ್ಪೇಸರ್. ಚಿಕ್ಕ ಮಕ್ಕಳಿಗೆ ಒತ್ತುವ ಕ್ಷಣಕ್ಕೆ ಸರಿಯಾಗಿ ಉಸಿರೆಳೆದುಕೊಳ್ಳಲು ಬಾರದು. ನಡುವೆ ಸ್ಪೇಸರ್ ಎಂಬ ಕೊಳವೆಯಿದ್ದರೆ ಔಷಧಿ ಅದರಲ್ಲಿ ನಿಂತು, ಮಗು ನಿಧಾನವಾಗಿ ಎಳೆದುಕೊಳ್ಳುತ್ತದೆ. ಅದನ್ನೂ ಕೊಳ್ಳಲಾಗದವರಿಗಾಗಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವೈದ್ಯರು 1999ರಲ್ಲಿ ಒಂದು ಪರೀಕ್ಷೆ ನಡೆಸಿದರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ರಂಧ್ರ ಕೊರೆದು, ಇನ್‌ಹೇಲರ್ ಕೂರಿಸಿ, ಸಂದಿಯನ್ನು ಅಂಟಿನಿಂದ ಮುಚ್ಚಿದಾಗ ಅದು ಅಂಗಡಿಯ ಸ್ಪೇಸರಿಗೆ ಸರಿಸಮನಾಗಿ ಕೆಲಸ ಮಾಡಿತು. ಥರ್ಮಾಕೋಲ್ ಲೋಟ ಮಾತ್ರ ಹಿಂದೆ ಬಿತ್ತು. ಅಗ್ಗದ ಉಪಾಯಗಳೆಲ್ಲ ಒಂದೇ ಎಂದು ಪರೀಕ್ಷಿಸದೆ ನಂಬಿದ್ದರೆ ಮಕ್ಕಳು ಲೋಟವನ್ನೇ ಹಿಡಿದು ಕೂರಬೇಕಾಗಿತ್ತು. ಆದರೂ ವೈದ್ಯರ ಮಾರ್ಗದರ್ಶನವಿಲ್ಲದೆ ಮನೆಯಲ್ಲೇ ಬಾಟಲಿ ಕೊರೆಯಲು ಹೊರಡಬಾರದು.

ರಮಝಾನಿನಲ್ಲಿ ಉಪವಾಸದ ಹಟ ಹಿಡಿಯುವ ಮಕ್ಕಳ ಬಗ್ಗೆಯೂ ಒಂದು ಮಾತು. ಪ್ರಾಯಕ್ಕೆ ಬಾರದವರಿಗೆ ಉಪವಾಸ ಕಡ್ಡಾಯವಲ್ಲ, ರೋಗಿಗೆ ಕುರ್‌ಆನೇ ರಿಯಾಯಿತಿ ನೀಡಿದೆ. ದಿನಕ್ಕೆರಡು ಬಾರಿಯ ಔಷಧಿಯನ್ನು ಸಹರಿ ಮತ್ತು ಇಫ್ತಾರಿನ ವೇಳೆಗೆ ಹೊಂದಿಸಿಕೊಳ್ಳಬಹುದು. ಉಸಿರು ಕಟ್ಟಿದಾಗಲಂತೂ ಮಗ್ರಿಬ್ ಬಾಂಗಿಗಾಗಿ ಕಾಯುವಂತಿಲ್ಲ.

ಪರೀಕ್ಷೆಗಳು ಮುಗಿದಿಲ್ಲ. ನ್ಯೂಝಿಲೆಂಡಿನಲ್ಲಿ 5ರಿಂದ 15 ವರ್ಷದ 360 ಮಕ್ಕಳ ಮೇಲೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಉಬ್ಬಸ ಬಂದಾಗ ಸಾಲ್ಬುಟಮಾಲ್ ಬದಲು ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಬೆರೆತ ಇನ್‌ಹೇಲರ್ ಬಳಸಿದ ಮಕ್ಕಳಲ್ಲಿ ಅಸ್ತಮಾ ದಾಳಿಗಳು ಶೇ. 45ರಷ್ಟು ಕಡಿಮೆಯಾದವು. ಸೌದೆ ಒಲೆಯ ಹೊಗೆ, ಬೀಡಿ ಕಟ್ಟುವ ಮನೆಯ ತಂಬಾಕಿನ ಧೂಳು, ಸೊಳ್ಳೆ ಬತ್ತಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಲ್ಲೂ ಅಷ್ಟೇ ಫಲ ದೊರೆಯುವುದೇ? ಇಲ್ಲಿ ಪರೀಕ್ಷಿಸದೆ ಯಾರೂ ಹೇಳಲಾರರು.

ನಮ್ಮ ಮಕ್ಕಳೇನು ಪ್ರಯೋಗಪಶುಗಳೇ ಎಂಬ ಆಕ್ರೋಶ ಏಳುವುದು ಇಲ್ಲಿಯೇ. ಅದಕ್ಕೆ ಕಾರಣವಿದೆ. ಆಗಿನ ಆಂಧ್ರದ ಖಮ್ಮಂನಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡಿದ ಯೋಜನೆ 2010ರಲ್ಲಿ ಸ್ಥಗಿತಗೊಂಡಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ಸಾಬೀತಾಗಲಿಲ್ಲ. ಆದರೆ ತಾಯ್ತಂದೆಯರು ಹಾಕಬೇಕಾದ ಸಹಿಯನ್ನು ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. ಇಂದು ನಿಯಮ ಬಿಗಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಪಾಲಕರ ಒಪ್ಪಿಗೆಯ ಜೊತೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. 2019ರ ನಿಯಮಗಳು ಔಷಧಿ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರವನ್ನು ವಿಧಿಸುತ್ತವೆ.

ಆದ್ದರಿಂದ ವೈದ್ಯರು ಇಂತಹ ಅಧ್ಯಯನಕ್ಕೆ ಮಗುವನ್ನು ಸೇರಿಸುವಿರಾ ಎಂದು ಕೇಳಿದರೆ ಎದ್ದು ಬರಬೇಕಿಲ್ಲ, ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಲೂಬೇಕಿಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿಸಿಕೊಳ್ಳಿ. ಹುಸಿ ಔಷಧಿ ಸಿಗುವ ಗುಂಪಿಗೆ ಮಗು ಸೇರಿದರೆ ಉಬ್ಬಸ ಬಂದಾಗ ಏನು ಕೊಡುತ್ತೀರಿ, ನಡುವೆ ಹೊರಬಂದರೆ ಈಗಿನ ಚಿಕಿತ್ಸೆ ಮುಂದುವರಿಯುವುದೇ, ಹಾನಿಯಾದರೆ ಯಾರು ಹೊಣೆ ಎಂದು ಕೇಳಿ. ಇತ್ತ ಸರಕಾರದ ಪಾಲಿನ ಕೆಲಸವೂ ಇದೆ. ಬುಡೆಸೊನೈಡ್ 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವ ಆ ಇನ್‌ಹೇಲರ್, ಜೊತೆಗೊಂದು ಸ್ಪೇಸರ್, ಅದನ್ನು ಹಿಡಿಯುವ ಬಗೆಯನ್ನು ತಾಯಿಗೆ ತೋರಿಸಿಕೊಡಬಲ್ಲ ಒಬ್ಬ ದಾದಿ - ಈ ಮೂರೂ ನಂಜನಗೂಡು ಮತ್ತು ತಿ. ನರಸೀಪುರದ ಸರಕಾರಿ ಆಸ್ಪತ್ರೆಗಳಲ್ಲಿ ವರ್ಷವಿಡೀ ಲಭ್ಯವಿರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು.