ಗ್ರಂಥಾಲಯದ ಸೊಬಗು ಯಾವುದರಲ್ಲಿದೆ?

ಗ್ರಂಥಾಲಯವೊಂದರ ಸೊಬಗು ಇರುವುದು ಅದರ ಕಟ್ಟಡದಲ್ಲಿಯೋ ಅಥವಾ ಅದರ ಬಳಕೆಯಲ್ಲಿಯೋ? ಹುಮನಾಬಾದಿನ ಬಳಿಯ ಮಾಣಿಕನಗರದವರಾದ ನಾವು ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಬೀದರಿನಲ್ಲಿ ಅದಕ್ಕೆ ಸಾಕ್ಷಿಯಾಗಿ ಮಹಮೂದ್ ಗವಾನನ ಮದರಸಾ ನಿಂತಿದೆ.

ಪಾರಸಿಕ ದೇಶದ ಗೀಲಾನ್ ಪ್ರಾಂತದಿಂದ ಬಂದು ಬಹಮನೀ ರಾಜ್ಯದ ಮಂತ್ರಿಯಾದ ಗವಾನನು ಈ ವಿದ್ಯಾಲಯವನ್ನು ೧೪೭೨ರಲ್ಲಿ ಕಟ್ಟಿಸಿದನು. ಮೂರು ಅಂತಸ್ತುಗಳ ಈ ಕಟ್ಟಡದ ಉದ್ದ ಸುಮಾರು ೨೦೫ ಅಡಿ, ಅಗಲ ೧೮೦ ಅಡಿ. ನಡುವೆ ತೆರೆದ ಅಂಗಳ. ಅದರ ಸುತ್ತ ಉಪನ್ಯಾಸ ಮಂದಿರಗಳು, ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕೊಠಡಿಗಳು, ಮಸೀದಿ, ಗ್ರಂಥಾಲಯ. ಗ್ರಂಥಾಲಯದಲ್ಲಿ ೩,೦೦೦ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಭಾರತಕ್ಕೆ ಮುದ್ರಣಯಂತ್ರ ಬಂದುದು ೧೫೫೬ರಲ್ಲಿ, ಗೋವೆಗೆ. ಆದುದರಿಂದ ಅಲ್ಲಿದ್ದ ಒಂದೊಂದು ಗ್ರಂಥವೂ ಕೈಬರಹದ ಫಲವೆಂಬುದನ್ನು ಮರೆಯಲಾಗದು.

ಇಂದಿಗೂ ಅಲ್ಲಿಗೆ ಹೋದವರ ಕಣ್ಣನ್ನು ಮೊದಲು ಸೆಳೆಯುವುದು ಉಳಿದಿರುವ ಒಂದು ಮಿನಾರು ಮತ್ತು ಗೋಡೆಗಳ ಮೇಲಿನ ಬಣ್ಣದ ಹೆಂಚುಗಳು. ಇಂತಹ ಹೆಂಚುಗಳ ಬಣ್ಣಕ್ಕೆ ಕಾರಣ ಗಾಜಿನಂತಹ ಲೇಪದಲ್ಲಿ ಬೆರೆತ ಲೋಹಗಳ ಆಕ್ಸೈಡುಗಳು. ಐದು ಶತಮಾನಗಳ ಬಿಸಿಲೂ ಅವನ್ನು ಮಾಸಿಸಲಾರದು. ಕಾಗದದ ಗತಿ ಹಾಗಲ್ಲ. ಬೆಳಕಿನ, ವಿಶೇಷವಾಗಿ ಅತಿನೇರಳೆ ಕಿರಣಗಳ, ಶಕ್ತಿಯು ಕಾಗದದ ಸೆಲ್ಯುಲೋಸ್ ಅಣುಸರಪಳಿಗಳನ್ನು ತುಂಡರಿಸುತ್ತದೆ. ತೇವವು ಬೂಷ್ಟನ್ನು ಬೆಳೆಸುತ್ತದೆ. ಓದುಗನಿಗೆ ಬೆಳಕು ಬೇಕು, ಗ್ರಂಥಕ್ಕೆ ನೆರಳು ಬೇಕು. ತೆರೆದ ಅಂಗಳವು ಚದುರಿದ ಬೆಳಕನ್ನು ಒಳಕ್ಕೆ ಕಳುಹಿಸುತ್ತದೆ. ದಪ್ಪ ಗೋಡೆಗಳು ಹಗಲಿನ ಕಾವನ್ನು ತಡೆದು ನಿಧಾನವಾಗಿ ಬಿಡುತ್ತವೆ. ಇಂತಹ ರಚನೆಯಲ್ಲಿ ಸೊಬಗೂ ಪ್ರಯೋಜನವೂ ಬೇರೆ ಬೇರೆಯಲ್ಲ.

ಆದರೆ ಕಟ್ಟಡವೊಂದೇ ಗ್ರಂಥಗಳನ್ನು ಕಾಯಲಾರದು. ೧೪೮೧ರಲ್ಲಿ, ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನನು ಗವಾನನನ್ನು ಕೊಲ್ಲಿಸಿದನು. ೧೬೫೭ರಲ್ಲಿ ಬೀದರು ಮೊಗಲರ ವಶವಾಯಿತು. ಮುಂದೆ ಇದೇ ವಿದ್ಯಾಲಯದಲ್ಲಿ ಸಿಡಿಮದ್ದನ್ನು ತುಂಬಿಟ್ಟರು. ಉರಿಯಲು ಬೇಕಾದ ಆಮ್ಲಜನಕವು ಮದ್ದಿನೊಳಗಿನ ಪೆಟ್ಲುಪ್ಪಿನಲ್ಲಿಯೇ ಇರುವುದರಿಂದ ಮುಚ್ಚಿದ ಕೋಣೆಯಲ್ಲಿಯೂ ಅದು ಕ್ಷಣದಲ್ಲಿ ಬಿಸಿ ಅನಿಲವಾಗಿ ಹಿಗ್ಗುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು, ಕಟ್ಟಡದ ಮುಂಭಾಗದ ಬಹುಪಾಲೂ ಒಂದು ಮಿನಾರೂ ನೆಲಕ್ಕುರುಳಿದವು. ವಿದ್ಯೆಯ ಮನೆಯನ್ನು ಉಗ್ರಾಣವೆಂದು ಬಗೆದ ದಿನವೇ ನಿಜವಾದ ನಾಶವು ಆರಂಭವಾಗಿತ್ತೆಂದು ನಾವು ಭಾವಿಸುತ್ತೇವೆ.

ಇದಕ್ಕಿಂತ ನಾಲ್ಕು ಶತಮಾನ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ನಮ್ಮವರು ಬೇರೊಂದು ದಾರಿಯನ್ನು ತೋರಿಸಿದ್ದರು. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು. ೧೦೫೮ರ ಶಾಸನವು ಅಲ್ಲಿಯ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ಗ್ರಂಥಗಳಿಗೆ ಗೋಡೆಗಳಷ್ಟೇ ಅಲ್ಲ, ಮನುಷ್ಯರೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಇಂದು ನಮ್ಮ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಗ್ರಂಥಾಲಯದ ಕೋಣೆಯು ಮುರಿದ ಬೆಂಚುಗಳಿಗೂ ಹಳೆಯ ಉತ್ತರ ಪತ್ರಿಕೆಗಳಿಗೂ ಆಶ್ರಯವಾಗಿದೆ. ಬೀರುಗಳಿಗೆ ಬೀಗ ಬಿದ್ದಿದೆ. ಅಲ್ಲಿ ಸಿಡಿಮದ್ದಿಲ್ಲ, ನಿಜ. ಆದರೆ ಉಗ್ರಾಣದ ಬುದ್ಧಿ ಅದೇ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವೇ ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ೧೯೬೫ರ ಕಾಯಿದೆಯಂತೆ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಕರವನ್ನೂ ವಸೂಲು ಮಾಡಲಾಗುತ್ತಿದೆ. ಕೇಳುವ ಹಕ್ಕು ಓದುಗರಿಗಿದೆ.

ಆದುದರಿಂದ ವಿದ್ಯಾರ್ಥಿ ಮಿತ್ರರು ಬೀದರಿಗೆ ಹೋಗಿ ಆ ಹೆಂಚುಗಳನ್ನು ಅವಶ್ಯವಾಗಿ ನೋಡಲಿ. ಬಳಿಕ ತಮ್ಮ ಕಾಲೇಜಿನ ಬೀರುವಿನ ಬೀಗದ ಕೈ ಯಾರಲ್ಲಿದೆಯೆಂದು ವಿಚಾರಿಸಲಿ. ಗವಾನನ ಗ್ರಂಥಗಳನ್ನು ಮರಳಿ ತರುವುದು ನಮ್ಮಿಂದಾಗದು. ಈ ಬೀಗವನ್ನು ತೆರೆಸುವುದು ಆದೀತು.