ಮನವೊಲಿಸುವ ವಿದ್ಯೆ ಕನ್ನಡ ಶಾಲೆಗೂ ಬರಲಿ



ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಜತ್ತ ಭಾಗದ ಕನ್ನಡ ಶಾಲೆಯೊಂದಕ್ಕೆ ಗಣಿತದ ಶಿಕ್ಷಕರು ಬೇಕೆಂದು ನಾಲ್ಕು ಪುಟದ ಮನವಿ ಬರೆದು, ಸಾಂಗಲಿಯ ಒಂದು ಕಚೇರಿಗೆ ಒಯ್ದಿದ್ದೆ. ಮೊದಲ ಪುಟದಲ್ಲಿ ಕನ್ನಡ ನುಡಿಯ ಪ್ರಾಚೀನತೆ, ಎರಡನೆಯದರಲ್ಲಿ ಶರಣರ ಕೊಡುಗೆ, ಮೂರನೆಯದರಲ್ಲಿ ಗಡಿನಾಡಿನ ಕನ್ನಡಿಗರ ಕಣ್ಣೀರು. ಅಲ್ಲಿನ ಗುಮಾಸ್ತರು ಪುಟಗಳನ್ನು ತಿರುವಿ ಹಾಕಿ, ಸೌಜನ್ಯದಿಂದಲೇ ಕೇಳಿದರು: "ನೇಮಕಂ ಕಾಯ್ ಪಾಹಿಜೆ?" ನಿಮಗೆ ಖಚಿತವಾಗಿ ಬೇಕಾದದ್ದು ಏನು?

ಆಗ ನನಗೆ ಸಿಟ್ಟು ಬಂದಿತು. ಮರಳಿ ಬರುವಾಗ ಬಸ್ಸಿನಲ್ಲಿ ಕುಳಿತು ನನ್ನ ಮನವಿಯನ್ನು ನಾನೇ ಓದಿದೆ. ಶಿಕ್ಷಕರ ಮಾತು ನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿತ್ತು. ಯಾವ ಇಯತ್ತೆಗೆ, ಎಷ್ಟು ಮಕ್ಕಳಿಗೆ, ಯಾವಾಗಿನಿಂದ ಜಾಗೆ ಖಾಲಿ ಎಂಬುದು ಎಲ್ಲಿಯೂ ಇರಲಿಲ್ಲ. ಸಿಟ್ಟು ಇಳಿದು ನಾಚಿಕೆ ಬಂದಿತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ, ಕನ್ನಡದಲ್ಲಿ ಒಂದು ಬೇಡಿಕೆಯನ್ನು ಎದುರಿನವರ ಮನಸ್ಸಿಗೆ ತಟ್ಟುವಂತೆ ಇಡಲು ಬರುತ್ತಿರಲಿಲ್ಲ. ನನಗೇ ಬಾರದ ವಿದ್ಯೆಯನ್ನು ನನ್ನ ವಿದ್ಯಾರ್ಥಿಗಳಿಗೆ ಎಲ್ಲಿಂದ ಕಲಿಸಿಯೇನು?

ಈ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ನಮ್ಮ ಶಾಲೆಗಳಿಂದ ಮಕ್ಕಳನ್ನು ಬಿಡಿಸಿ ಒಯ್ಯುವ ತಂದೆತಾಯಿಗಳನ್ನು ಕೇಳಿ ನೋಡಿರಿ. "ಕನ್ನಡದಾಗ ಕಲಿತ ಹುಡುಗ ಸಾಂಗಲ್ಯಾಗ ಬಾಯಿ ತೆಗಿಯೂದುಲ್ಲ ಸರ್" ಎನ್ನುತ್ತಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಉಮದಿ, ಸಂಖದ ಕಡೆಯಿಂದ ಹತ್ತನೆಯ ಇಯತ್ತೆ ಮುಗಿಸಿ ಬಂದ ಹುಡುಗ ಸಾಂಗಲಿ ಮಿರಜಗಳಲ್ಲಿ ಬಿ.ಕಾಂ. ಮಾಡುತ್ತಾನೆ, ಮುಂದೆ ವ್ಯವಸ್ಥಾಪನದ ಪದವಿಗೂ ಹೋಗುತ್ತಾನೆ. ಲೆಕ್ಕದಲ್ಲಿ ಹಿಂದೆ ಬೀಳುವುದಿಲ್ಲ. ಆದರೆ ಹತ್ತು ಜನರೆದುರು ಎದ್ದು ನಿಂತು "ಈ ಕೆಲಸ ಹೀಗೆ ಮಾಡೋಣ, ಇದರಿಂದ ಇಂಥ ಲಾಭ" ಎಂದು ಹೇಳುವ ಹೊತ್ತಿಗೆ ತಲೆ ತಗ್ಗಿಸುತ್ತಾನೆ. ಮ್ಯಾನೇಜರ ಹುದ್ದೆಯ ಅರ್ಧ ಕೆಲಸವೇ ಅದು: ಕೆಲಸಗಾರರನ್ನು, ಗಿರಾಕಿಯನ್ನು, ಬ್ಯಾಂಕಿನವರನ್ನು, ತನ್ನ ಮಾಲೀಕನನ್ನು ಒಪ್ಪಿಸುವುದು. ಆ ಹುಡುಗನಿಗೆ ಈ ವಿದ್ಯೆ ಮೊದಲ ಸಲ ಕಾಣುವುದು ಇಪ್ಪತ್ತರ ವಯಸ್ಸಿನಲ್ಲಿ, ಅದೂ ಇಂಗ್ಲಿಷಿನ ಪಠ್ಯಪುಸ್ತಕದಲ್ಲಿ. ಹೊಸ ವಿದ್ಯೆಯನ್ನೂ ಹೊಸ ಭಾಷೆಯನ್ನೂ ಒಟ್ಟಿಗೇ ಹೊರಬೇಕಾದಾಗ ಯಾರ ಬೆನ್ನಾದರೂ ಬಾಗೀತು.

ಹಾಗಾದರೆ ದೋಷ ಕನ್ನಡದ್ದೇ? ಅಲ್ಲ. ದೋಷ ನಾವು ಕಲಿಸದೆ ಬಿಟ್ಟದ್ದರಲ್ಲಿದೆ. ಮನವೊಲಿಸುವ ವಿದ್ಯೆಯನ್ನು ಮನೆಮಾತಿನಲ್ಲಿ ಕಲಿತವನು ಅದನ್ನು ಬೇರೆ ಮಾತಿಗೂ ದಾಟಿಸುತ್ತಾನೆ. ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ, ನಮ್ಮ ಸಾಂಗಲಿಯಲ್ಲಿಯೇ ಇದೆ.

1842ರಲ್ಲಿ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಮುಂದೆ ಆಟ ಆಡಿತು. ಅದು ಉತ್ತರ ಕನ್ನಡದ ಕರ್ಕಿಯ ಮೇಳವೆಂದು ಬಲ್ಲವರು ಹೇಳುತ್ತಾರೆ. ಯಕ್ಷಗಾನದ ಅರ್ಥಗಾರಿಕೆ ತಮಗೆ ಗೊತ್ತೇ ಇದೆ. ಬರೆದಿಟ್ಟ ಮಾತಿಲ್ಲ. ಪಾತ್ರಧಾರಿ ಎದುರಾಳಿಯ ವಾದವನ್ನು ಕೇಳಿಸಿಕೊಂಡು ನಿಂತಲ್ಲೇ ಉತ್ತರ ಕಟ್ಟಬೇಕು. ಆ ಆಟ ನೋಡಿದ ಸಂಸ್ಥಾನಿಕರು ಇಂಥದ್ದು ಮರಾಠಿಯಲ್ಲಿಯೂ ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ, 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೆ ಬಂದಿತು. ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಕನ್ನಡದ ಒಂದು ಕಲೆ ಮರಾಠಿಗೆ ದಾಟಿದ್ದು ಇದೇ ಊರಿನಲ್ಲಿ. ನಮ್ಮ ಜತ್ತ ಹಾಗೂ ವಿಜಾಪುರದ ಸೀಮೆಯಲ್ಲಿಯೂ ಹರದೇಶಿ ನಾಗೇಶಿಯವರು ರಾತ್ರಿಯಿಡೀ ಎದುರುಬದುರು ನಿಂತು ಪ್ರಶ್ನೆಗೆ ಪ್ರಶ್ನೆ, ಸವಾಲಿಗೆ ಜವಾಬು ಕೊಟ್ಟವರೇ. ವಾದಿಸುವುದು ನಮಗೆ ಹೊಸದಲ್ಲ. ಅದನ್ನು ಜಾತ್ರೆಯಲ್ಲಿಯೇ ಬಿಟ್ಟು ಶಾಲೆಗೆ ಬಂದೆವು, ಅಷ್ಟೇ.

ವ್ಯಾಪಾರದ ಉದಾಹರಣೆ ಬೇಕೆಂದರೆ ಪಲೂಸ ತಾಲೂಕಿನ ಕಿರ್ಲೋಸ್ಕರವಾಡಿಯನ್ನು ನೋಡಿರಿ. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಅವರು ಮುಂದೆ ಕಬ್ಬಿಣದ ನೇಗಿಲು ಮಾಡಿದರು. ನೇಗಿಲೇನೋ ಗಟ್ಟಿಯಾಗಿತ್ತು, ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತದೆಂಬ ಅಂಜಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತೆಂದು ಆ ಉದ್ಯಮದ ಇತಿಹಾಸ ಹೇಳುತ್ತದೆ. ಕಬ್ಬಿಣವನ್ನು ಬಗ್ಗಿಸಿದವರಿಗೆ ಆ ಅಂಜಿಕೆಯನ್ನು ಬಗ್ಗಿಸುವುದು ಹೆಚ್ಚು ಕಷ್ಟವಾಯಿತು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1920ರಲ್ಲಿ ಅಲ್ಲಿಂದ 'ಕಿರ್ಲೋಸ್ಕರ ಖಬರ' ಎಂಬ ಪತ್ರಿಕೆ ಹೊರಟಿತು. ಕಾರಖಾನೆಯ ಮಾಲಿನ ವಿಚಾರವನ್ನು ಗಿರಾಕಿಗೆ ತಿಳಿಸುವುದಕ್ಕಾಗಿ, ಗಿರಾಕಿಯ ಮಾತಾದ ಮರಾಠಿಯಲ್ಲಿ ಅದನ್ನು ಹೊರತಂದರು. ಸಂಪಾದಕರು ಶಂಕರರಾವ ಕಿರ್ಲೋಸ್ಕರರು. ಮುಂದೆ ಅದೇ ಒಂದು ದೊಡ್ಡ ಮಾಸಿಕವಾಗಿ ಬೆಳೆಯಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಳ್ಳೆಯ ಮಾಲು ತಾನಾಗಿ ಮಾರಿಹೋಗುವುದಿಲ್ಲ. ಕೇಳುವವನ ಅಂಜಿಕೆ ಯಾವುದೆಂದು ತಿಳಿಯದೆ ಎಷ್ಟು ಹೊಗಳಿದರೂ ಅವನು ಒಪ್ಪುವುದಿಲ್ಲ. ಒಳ್ಳೆಯ ಬೇಡಿಕೆಗೂ ಇದೇ ಮಾತು ಸಲ್ಲುತ್ತದೆ.

ಇನ್ನು ನಾವು ಶಾಲೆಯಲ್ಲಿ ಏನು ಮಾಡುತ್ತೇವೆಂದು ನೋಡೋಣ. ನಿಬಂಧ ಬರೆಸುತ್ತೇವೆ, ಮಕ್ಕಳು ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡಿ ಬರೆಯುತ್ತಾರೆ. ಭಾಷಣ ಸ್ಪರ್ಧೆ ಇಡುತ್ತೇವೆ, ಮೇಷ್ಟ್ರು ಬರೆದುಕೊಟ್ಟದ್ದನ್ನು ಮಗು ಒಪ್ಪಿಸುತ್ತದೆ, ಚಪ್ಪಾಳೆ ಬೀಳುತ್ತದೆ. ಆ ಭಾಷಣದಿಂದ ಯಾರ ಮನಸ್ಸೂ ಬದಲಾಗಬೇಕಿರಲಿಲ್ಲ, ಬದಲಾಗುವುದೂ ಇಲ್ಲ. ಪತ್ರಲೇಖನವನ್ನು ಐದು ಅಂಕಗಳಿಗಾಗಿ ಕಲಿಸುತ್ತೇವೆ. ದಿನಾಂಕ ಎಲ್ಲಿ, ವಿಳಾಸ ಎಲ್ಲಿ ಎಂಬುದಕ್ಕೆ ಅಂಕ ಕೊಡುತ್ತೇವೆ. ಆ ಪತ್ರ ಓದಿದವರು ಕೆಲಸ ಮಾಡಿಕೊಟ್ಟಾರೋ ಇಲ್ಲವೋ ಎಂದು ನಾವು ಕೇಳುವುದೇ ಇಲ್ಲ.

ಕೇಳಬೇಕಾದ ಪ್ರಶ್ನೆಗಳು ನಾಲ್ಕೇ ನಾಲ್ಕು. ಕೇಳುವವರು ಯಾರು? ನಮಗೆ ಬೇಕಾದದ್ದು ಏನು? ಅದಕ್ಕೆ ಪುರಾವೆ ಏನು? ಹೌದೆನ್ನಲು ಅವರಿಗಿರುವ ಅಡ್ಡಿ ಏನು? ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಹೇಳುವವನ ಮೇಲೆ ನಂಬಿಕೆ ಇರಬೇಕು, ಕೇಳುವವನ ಮನಸ್ಸನ್ನು ಅರಿತಿರಬೇಕು, ಮಾತಿಗೆ ತರ್ಕದ ಬಲ ಇರಬೇಕು.

ನನ್ನ ನಾಲ್ಕು ಪುಟದ ಮನವಿಯನ್ನು ಇಂದು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಅಂಕಿಗಳು ಮಾದರಿಗಾಗಿ ಮಾತ್ರ.

"ನಮ್ಮ ಶಾಲೆಯ 9 ಮತ್ತು 10ನೆಯ ಇಯತ್ತೆಗಳಿಗೆ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುವ ಒಬ್ಬ ಶಿಕ್ಷಕರನ್ನು ಜೂನ್ 15ರೊಳಗೆ ಕೊಡಬೇಕೆಂದು ವಿನಂತಿ. ಈ ಇಯತ್ತೆಗಳಲ್ಲಿ 64 ಮಕ್ಕಳಿದ್ದಾರೆ. ಜಾಗೆ ಮಂಜೂರಾಗಿದ್ದು, 14 ತಿಂಗಳಿಂದ ಖಾಲಿ ಇದೆ. ಹಾಜರಿಯ ಹಾಗೂ ಮಂಜೂರಾತಿಯ ನಕಲು ಲಗತ್ತಿಸಿದ್ದೇವೆ. ಕಾಯಂ ನೇಮಣೂಕಿಗೆ ವೇಳೆ ಬೇಕಾಗುವುದೆಂಬುದನ್ನು ಬಲ್ಲೆವು. ಅಲ್ಲಿಯವರೆಗೆ ಸಮೀಪದ ಕನ್ನಡ ಶಾಲೆಯ ಗಣಿತ ಶಿಕ್ಷಕರನ್ನು ವಾರಕ್ಕೆ ಮೂರು ದಿನ ಕಳಿಸಿಕೊಟ್ಟರೂ ಈ ವರ್ಷದ ಮಕ್ಕಳ ಪರೀಕ್ಷೆ ಉಳಿಯುತ್ತದೆ."

ಆರೇ ವಾಕ್ಯಗಳು. ಬೇಡಿಕೆ ಮೊದಲಿಗಿದೆ, ಪುರಾವೆ ಜೊತೆಗಿದೆ. ಅಧಿಕಾರಿಯ ಅಡ್ಡಿಯನ್ನು ನಾವೇ ಹೇಳಿ, ಅದಕ್ಕೊಂದು ದಾರಿಯನ್ನೂ ತೋರಿಸಿದ್ದೇವೆ. ನಾಳೆ ಒಂದು ಕಾರಖಾನೆಯ ಮ್ಯಾನೇಜರನಾಗಿ ಹೊಸ ಯಂತ್ರ ಬೇಕೆಂದು ಮಾಲೀಕರಿಗೆ ಬರೆಯುವ ಹುಡುಗನ ಟಿಪ್ಪಣಿಗೂ ಇದೇ ಮೈಕಟ್ಟು. ಹಕ್ಕಿನ ಮನವಿ ಬೇರೆ, ವ್ಯಾಪಾರದ ಪತ್ರ ಬೇರೆ ಎಂದು ತಿಳಿಯಬೇಡಿರಿ. ಒಂದನ್ನು ಕಲಿತವನು ಎರಡನ್ನೂ ಬರೆಯುತ್ತಾನೆ.

ಹಕ್ಕಿನ ಮಾತು ಬಂದಿತೆಂದು ಹೇಳುತ್ತೇನೆ. ಸಂವಿಧಾನದ 350ನೆಯ ಅನುಚ್ಛೇದದಂತೆ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. 350ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ಕೊಡುತ್ತದೆ. ಆದರೆ ನಾವು ಒಂಬತ್ತನೆಯ ಇಯತ್ತೆಯ ಶಿಕ್ಷಕರನ್ನು ಕೇಳುವಾಗಲೂ ಪ್ರಾಥಮಿಕಕ್ಕೆ ಮಾತ್ರ ಸಲ್ಲುವ 350ಎ ಅನ್ನು ಬರೆದು ಕಳಿಸುತ್ತೇವೆ. ಓದಿದ ಅಧಿಕಾರಿ ಅಲ್ಲಿಯೇ ಪೆನ್ನು ಕೆಳಗಿಡುತ್ತಾರೆ. ಒಂದು ತಪ್ಪು ಆಧಾರ ಹತ್ತು ಸರಿಯಾದ ಮಾತುಗಳ ನಂಬಿಕೆಯನ್ನು ಕೆಡಿಸುತ್ತದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಸರಿಯಾಗಿ ಕೇಳುವ ಕೈ ಬೇಕು. ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು. ಜೊತೆಗೆ ಮರಾಠಿಯ ಅನುವಾದವನ್ನು ಇಡುವುದು ನಮ್ಮ ಜಾಣತನ.

ಕೆಲವರು ಆಕ್ಷೇಪಿಸಬಹುದು: "ಮಕ್ಕಳಿಗೆ ಮೊದಲು ಮರಾಠಿ, ಇಂಗ್ಲಿಷ್ ಬರಲಿ. ಕನ್ನಡದಲ್ಲಿ ವಾದಿಸಲು ಕಲಿತು ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಏನು ಮಾಡುವುದು?" ಮರಾಠಿ ಬರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. 2020ರ ಕಾಯದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಲಿಕೆ ಕಡ್ಡಾಯವಾಗಿದೆ, ನಮ್ಮ ಮಕ್ಕಳಿಗೆ ಅದು ಕಷ್ಟವೂ ಅಲ್ಲ. ಆದರೆ ಶಬ್ದ ಗೊತ್ತಿದ್ದ ಮಾತ್ರಕ್ಕೆ ವಾದ ಹುಟ್ಟುವುದಿಲ್ಲ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕವನ್ನು ಮಗು ತಾನು ಯೋಚಿಸುವ ಭಾಷೆಯಲ್ಲಿ ಬೇಗ ಕಲಿಯುತ್ತದೆ. ಅದಲ್ಲದೆ ಸಾಂಗಲಿಯ ಪೇಟೆಗೆ ಅಥಣಿ, ರಾಯಬಾಗ, ಗೋಕಾಕದ ಅರಿಸಿನವೂ ಬರುತ್ತದೆ. ಆ ರೈತನೊಡನೆ ಕನ್ನಡದಲ್ಲಿ, ಅಡತಿಯವರೊಡನೆ ಮರಾಠಿಯಲ್ಲಿ ಒಪ್ಪುವಂತೆ ಮಾತಾಡಬಲ್ಲ ಮ್ಯಾನೇಜರನಿಗೆ ಬೆಲೆ ಇಲ್ಲವೇ?

ಇನ್ನು ಕೆಲವರಿಗೆ ಇದು ಮಾತಿನ ಮೋಡಿ, ಮಂಕುಬೂದಿ ಎನಿಸಬಹುದು. ಅವರಿಗೆ ಹರಿಪುರದ ಹಗೇವುಗಳನ್ನು ನೆನಪಿಸುತ್ತೇನೆ. ಒಂದು ಕಾಲಕ್ಕೆ ಅಲ್ಲಿ ನೆಲದಡಿಯ ಹಗೇವುಗಳಲ್ಲಿ ಅರಿಸಿನ ತುಂಬಿಡುತ್ತಿದ್ದರು. ಮಣ್ಣು ಮುಚ್ಚಿದ ಮಾಲು ಕಣ್ಣಿಗೆ ಕಾಣುವುದಿಲ್ಲ, ಇಟ್ಟವನ ಮಾತೇ ಮಾಲಿನ ಬೆಲೆ. ಸುಳ್ಳು ಹೇಳಿ ಒಂದು ಸಲ ಮಾರಬಹುದು, ಎರಡನೆಯ ಸಲ ಯಾರೂ ಕೊಳ್ಳಲಾರರು. ಮನವೊಲಿಸುವುದಕ್ಕೂ ಮೋಸ ಮಾಡುವುದಕ್ಕೂ ಇರುವ ಅಂತರ ಅಷ್ಟೇ. ಮಕ್ಕಳಿಗೆ ಅದನ್ನೂ ಕಲಿಸಬೇಕು.

ಹಾಗಾದರೆ ಏನು ಮಾಡೋಣ? ಹೊಸ ಪಠ್ಯಪುಸ್ತಕ ಬೇಡ, ಅನುದಾನ ಬೇಡ, ಯಾರ ಅಪ್ಪಣೆಯೂ ಬೇಡ. ಎಂಟರಿಂದ ಹತ್ತನೆಯ ಇಯತ್ತೆಯವರೆಗೆ ವಾರಕ್ಕೆ ಒಂದು ತಾಸು ಸಾಕು. ಮೊದಲ ವಾರ ಮಕ್ಕಳು ನಿಜವಾದ ಒಂದು ಕೊರತೆಯನ್ನು ಆರಿಸಲಿ: ಶಾಲೆಯ ನಳ, ನಿಲ್ಲದ ಬಸ್ಸು, ಗ್ರಂಥಾಲಯಕ್ಕೆ ಬಾರದ ಪುಸ್ತಕ. ಎರಡನೆಯ ವಾರ ಒಬ್ಬ ವಿದ್ಯಾರ್ಥಿ ಸರಪಂಚನಾಗಿ ಕುಳಿತು ಆಗುವುದಿಲ್ಲವೆನ್ನಲಿ, ಉಳಿದವರು ಒಪ್ಪಿಸಲಿ. ಮೂರನೆಯ ವಾರ ಅದನ್ನೇ ಒಂದು ಪುಟದೊಳಗೆ ಕನ್ನಡದಲ್ಲಿ ಬರೆಯಲಿ. ನಾಲ್ಕನೆಯ ವಾರ ಮರಾಠಿ ಶಿಕ್ಷಕರ ನೆರವಿನಿಂದ ಅದನ್ನು ಮರಾಠಿಗೆ ತರಲಿ. ಎಲ್ಲಕ್ಕೂ ಮಿಗಿಲಾಗಿ, ಆ ಪತ್ರವನ್ನು ನಿಜವಾಗಿ ಕಳಿಸಲಿ. ಉತ್ತರ ಬಂದರೆ ಅದನ್ನು ಫಲಕದ ಮೇಲೆ ಅಂಟಿಸಿರಿ. ಬಾರದಿದ್ದರೆ ಏಕೆ ಬರಲಿಲ್ಲವೆಂದು ಮಕ್ಕಳೊಡನೆ ಕುಳಿತು ನೋಡಿರಿ, ಮತ್ತೆ ಬರೆಯಿರಿ.

2022ರ ನವೆಂಬರಿನಲ್ಲಿ ಜತ್ತ ತಾಲೂಕಿನ ಹಳ್ಳಿಗಳು ನೀರಿಗಾಗಿ ಹಿಂದೊಮ್ಮೆ ಮಾಡಿದ ಠರಾವಿನ ಮಾತು ಎದ್ದು, ಎರಡೂ ರಾಜ್ಯಗಳ ಪತ್ರಿಕೆಗಳು ತುಂಬಿಹೋದದ್ದು ತಮಗೆ ನೆನಪಿರಬಹುದು. ಆ ರಾಜಕಾರಣ ಇಲ್ಲಿ ಬೇಡ. ಆದರೆ ಹಳ್ಳಿಯ ಒಂದು ಹಾಳೆಗೆ ಎಷ್ಟು ದೂರ ನಡೆಯುವ ಶಕ್ತಿ ಇದೆಯೆಂಬುದನ್ನು ನಾವೆಲ್ಲ ಕಂಡೆವು.

ಬಂಧುಗಳೇ, ಕನ್ನಡ ಶಾಲೆ ಉಳಿಯಬೇಕೆಂದು ನಾವು ಊರೂರು ತಿರುಗಿ ಹೇಳುತ್ತೇವೆ. ಅಲ್ಲಿ ಕಲಿತ ಹುಡುಗಿಯೊಬ್ಬಳು ಸಾಂಗಲಿಯ ಕಚೇರಿಯಲ್ಲಿ ಎದ್ದು ನಿಂತು ತನಗೆ ಬೇಕಾದದ್ದನ್ನು ಎರಡು ನಿಮಿಷದಲ್ಲಿ ಹೇಳಿ, ಒಪ್ಪಿಸಿ, ಮನೆಗೆ ಬಂದರೆ, ನಮ್ಮ ನೂರು ಭಾಷಣಗಳ ಕೆಲಸವನ್ನು ಅವಳೊಬ್ಬಳೇ ಮಾಡಿದಂತಾಗುತ್ತದೆ. ಬರುವ ಜೂನ್ ತಿಂಗಳಿನಿಂದ ತಮ್ಮ ಶಾಲೆಯಲ್ಲಿ ಆ ಒಂದು ತಾಸನ್ನು ಇಟ್ಟು ನೋಡಿರಿ. ಮಕ್ಕಳು ಬರೆದ ಪತ್ರಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ಈ ಪತ್ರಿಕೆಗೆ ಕಳಿಸಿರಿ. "ನೇಮಕಂ ಕಾಯ್ ಪಾಹಿಜೆ?" ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ, ನಮ್ಮ ಮಕ್ಕಳ ಬಾಯಲ್ಲಿ ಉತ್ತರ ಸಿದ್ಧವಿರಲಿ.