ಕಾಣದ ಮುಖಕ್ಕೂ ಕಾಪು

ಕಳೆದ ಆಷಾಢದಲ್ಲಿ ಕುಂದಾಪುರದ ಸಮೀಪದ ತಲ್ಲೂರಿಗೆ ಹೋಗುವ ಪ್ರಸಂಗವೊದಗಿತು. ನನ್ನ ತಂಗಿಯ ಮಗಳ ಯಜಮಾನರಿಗೆ ಗದಗಿನಿಂದ ಆ ಭಾಗಕ್ಕೆ ವರ್ಗವಾಗಿ ಒಂದು ವರ್ಷವಾಗಿತ್ತು. ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿ ಕಡಲನ್ನು ಸೇರುವ ಆ ಸೀಮೆಯ ಮಳೆ ನಮ್ಮ ಬಯಲುನಾಡಿನವರ ಊಹೆಗೆ ನಿಲುಕುವುದಲ್ಲ. ಗದಗಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬಿದ್ದರೆ ಅಲ್ಲಿ ಸುಮಾರು 4000 ಮಿಲಿಮೀಟರು.

ಅವರ ಪಡಸಾಲೆಯಲ್ಲಿ ಒಂದು ಗಾಜಿನ ಮೀನುತೊಟ್ಟಿಯಿದೆ. ಅದರ ಕೆಳಗಿನ ಮರದ ಪೀಠವನ್ನು ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಗದಗಿನಲ್ಲಿದ್ದಾಗ ನಾನೇ ಕೊಡಿಸಿದ್ದೆ. ಊಟವಾದ ಬಳಿಕ ತೊಟ್ಟಿಯ ಮುಂದೆ ಚಾಪೆ ಹಾಸಿ, ಮೀನುಗಳನ್ನು ನೋಡುತ್ತಲೇ ನಿದ್ರೆ ಹೋಗುವುದು ಆ ಮಗುವಿನ ರೂಢಿ. ನಾನು ಹೋದ ದಿನ ಅವನು, "ಅಜ್ಜಾ, ಈ ಕಡೆ ನೀರು ಮ್ಯಾಲೆ ಬಂದದ ನೋಡು" ಎಂದ. ನೋಡಿದೆ. ಬಲಗಡೆ ನೀರು ಗಾಜಿನ ಅಂಚನ್ನು ಮುಟ್ಟುವಂತಿತ್ತು. ಎಡಗಡೆ ಎರಡು ಬೆರಳಷ್ಟು ಕೆಳಗಿತ್ತು. ನೀರು ಎಂದೂ ಓರೆಯಾಗಿ ನಿಲ್ಲದು. ಓರೆಯಾದುದು ಪೀಠ!

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 127 ಲೀಟರು ನೀರು ಹಿಡಿಯುತ್ತದೆ. ಗಾಜು, ಕಲ್ಲು, ಮರಳು ಸೇರಿದರೆ ಭಾರ ಒಂದೂವರೆ ಕ್ವಿಂಟಲ್ ಮೀರುತ್ತದೆ. ಆ ಭಾರ ನಿದ್ರಿಸುವ ಮಗುವಿನ ಮೇಲೆ ಉರುಳಿದ್ದರೆ? ಈಗ ನೆನೆದರೂ ಎದೆ ನಡುಗುತ್ತದೆ. ಒಡನೆಯೇ ಮಗುವನ್ನು ದೂರ ಕೂರಿಸಿ, ವಿದ್ಯುತ್ತಿನ ತಂತಿ ಕಿತ್ತು, ನೀರನ್ನು ಬಿಂದಿಗೆಗಳಿಗೆ ಬಸಿದು, ಮೀನುಗಳನ್ನು ಬಕೆಟ್ಟಿಗೆ ಸಾಗಿಸಿದೆವು.

ನೆರೆಮನೆಯವರು ಕರೆತಂದ ವೃದ್ಧ ಆಚಾರಿಯವರು ಪೀಠವನ್ನು ಮಗುಚಿ ತೋರಿಸಿದಾಗ ನನ್ನ ಅಜ್ಞಾನ ನನಗೇ ಕಂಡಿತು. ಮುಂಭಾಗಕ್ಕೂ ಮೇಲ್ಭಾಗಕ್ಕೂ ಹೊಳೆಯುವ ಹಾಳೆ ಅಂಟಿಸಿದ್ದರು. ಅಡಿಭಾಗ, ಹಿಂಭಾಗ, ಕಾಲಿನ ತುದಿ, ಹಲಗೆಯ ಕೊಯ್ದ ಅಂಚು ಎಲ್ಲವೂ ಬರಿದು. ಒಳಗಿದ್ದುದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಅದು ನೀರು ಕುಡಿದು ಊದಿಕೊಂಡರೆ ಎಷ್ಟು ಒಣಗಿಸಿದರೂ ಮೊದಲಿನ ಬಲಕ್ಕೆ ಮರಳದು. ಮಾರಿದವನು ಹೇಳಲಿಲ್ಲ, ನಿಜ. ಆದರೆ ಹೊಳಪಿಗೆ ಮರುಳಾಗಿ ಮಗುಚಿ ನೋಡದೆ ಹಣ ಕೊಟ್ಟವನು ನಾನು.

ತೊಟ್ಟಿ ಎಲ್ಲಿಯೂ ಸೋರಿರಲಿಲ್ಲ. ಹಾಗಾದರೆ ನೀರು ಬಂದುದೆಲ್ಲಿಂದ? ದಿನನಿತ್ಯ ನೆಲ ಒರೆಸುವಾಗ ಕಾಲಿನ ಬುಡದಲ್ಲಿ ನಿಂತ ತೇವ, ವಾರಕ್ಕೊಮ್ಮೆ ನೀರು ಬದಲಿಸುವಾಗ ಚೆಲ್ಲಿದ ಹನಿ, ಗೋಡೆಯ ಥಂಡಿ, ಇವೆಲ್ಲಕ್ಕೂ ಮಿಗಿಲಾಗಿ ಗಾಳಿ. ಮರವು ತನ್ನ ಸುತ್ತಲಿನ ಹವೆಯಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಒಣಹವೆಯ ಊರಿನಲ್ಲಿ ಅದರ ತೇವಾಂಶ ಶೇಕಡ 8ರಿಂದ 10ರಷ್ಟಿದ್ದರೆ, ಮಳೆಗಾಲದ ಕರಾವಳಿಯಲ್ಲಿ 18ರ ಮೇಲೇರಬಹುದು. 20 ದಾಟಿತೆಂದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಆಹ್ವಾನವಿತ್ತಂತೆ. ಅದರಲ್ಲಿಯೂ ನಾರುಗಳ ಬಾಯಿ ತೆರೆದಿರುವ ಕೊಯ್ದ ತುದಿಯು ಹಲಗೆಯ ಮೈಗಿಂತ ಬಹಳ ಬೇಗ ನೀರೆಳೆಯುತ್ತದೆ.

ಹಳೆಯ ಮನೆಗಳ ಮರದ ಕಂಬಗಳನ್ನು ನೆನೆಯಿರಿ. ಕಂಬದ ಬುಡ ಎಂದೂ ನೆಲಕ್ಕೆ ತಾಗುತ್ತಿರಲಿಲ್ಲ. ನಡುವೆ ಕಲ್ಲಿನ ಪೀಠವಿರುತ್ತಿತ್ತು. ಅದು ಕೇವಲ ಅಲಂಕಾರವಲ್ಲ, ನೆಲದ ತೇವಕ್ಕೆ ಕಟ್ಟಿದ ಒಡ್ಡು. ಕರಾವಳಿಯ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿಯೂ ಇದೇ ಅರಿವಿನಿಂದ ಬಂದುದು. ಆದರೆ ಆ ಎಣ್ಣೆ ಚರ್ಮವನ್ನು ಸುಡುವಂಥದು. ಮಕ್ಕಳಿರುವ ಪಡಸಾಲೆಗೆ ತಕ್ಕುದಲ್ಲ.

ಆಚಾರಿಯವರು ಹೊಸ ಪೀಠವನ್ನು ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ಡಿನಲ್ಲಿ ಮಾಡಿದರು. ಜೋಡಿಸುವುದಕ್ಕೆ ಮುನ್ನವೇ ಪ್ರತಿ ಹಲಗೆಯ ಆರೂ ಮುಖಗಳಿಗೆ ಮೂರು ಸಲ ವಾರ್ನಿಷ್ ಕೊಟ್ಟರು. ಒಂದು ಲೇಪ ಪೂರ್ಣ ಒಣಗಿದ ಮೇಲೆಯೇ ಮತ್ತೊಂದು. ಕೊಯ್ದ ಅಂಚುಗಳಿಗೆ ಇನ್ನೂ ಒಂದು ಹೆಚ್ಚು. ವಾಸನೆ ಸಂಪೂರ್ಣ ಹೋಗುವವರೆಗೆ ಮೀನುಗಳನ್ನು ಅದರ ಹತ್ತಿರ ತರಗೊಡಲಿಲ್ಲ. ನಾಲ್ಕು ಕಾಲುಗಳ ಕೆಳಗೆ ಒಂದೇ ದಪ್ಪದ ಗ್ರಾನೈಟ್ ತುಂಡುಗಳನ್ನಿಟ್ಟು, ಅವುಗಳ ಮೇಲೆ ರಬ್ಬರಿನ ಬಿಲ್ಲೆ ಇರಿಸಿದರು. ಗೋಡೆಗೂ ಪೀಠಕ್ಕೂ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು, ಹಿಂಬದಿಯನ್ನು ಗಾಳಿಯಾಡಲು ತೆರೆದಿಟ್ಟರು. ಭಾರ ಸಮವಾಗಿ ಕೂರಲೆಂದು ತೊಟ್ಟಿಯಡಿಗೆ ಅದರ ಅಳತೆಯದೇ ಥರ್ಮೋಕೋಲ್ ಹಾಳೆ ಹಾಸಿದರು.

ಗೃಹಿಣಿಯರು ಮಾಡಬೇಕಾದುದು ಇನ್ನು ಅಲ್ಪವೇ. ತೊಟ್ಟಿಗೆ ಮುಚ್ಚಳವಿರಲಿ, ಆವಿಯೂ ತುಂತುರೂ ಕಡಿಮೆಯಾಗುತ್ತವೆ. ಚೆಲ್ಲಿದ ಹನಿಯನ್ನು ಆ ಕ್ಷಣವೇ ಒಣಬಟ್ಟೆಯಿಂದ ಒರೆಸಿರಿ. ಪಂಪಿನ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತು ಬಾಗಿ ಮೇಲೇರುವಂತಿರಲಿ. ತಂತಿಗುಂಟ ಇಳಿದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುವುದು, ಪ್ಲಗ್ಗನ್ನು ಸೇರದು. ತಿಂಗಳಿಗೊಮ್ಮೆ ದೀಪ ಹಿಡಿದು ಪೀಠದ ಅಡಿಯನ್ನೂ ಹಿಂಬದಿಯನ್ನೂ ನೋಡಿರಿ. ಮೊಳೆಯ ಮೊನೆಯಿಂದ ಒತ್ತಿದಾಗ ಮರ ಮೆತ್ತಗೆನಿಸಿದರೆ ಬಣ್ಣ ಬಳಿದು ಮುಚ್ಚಬೇಡಿರಿ. ತೊಟ್ಟಿಯನ್ನು ಬರಿದುಮಾಡಿ, ಪೀಠವನ್ನು ಬದಲಿಸಿರಿ.

ನಾನು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಕುಡಿಯುವ ನೀರಿನ ಹಂಡೆಯ ಕೆಳಗೆ ಒಂದು ಮರದ ಮಣೆಯಿತ್ತು. ಹಿರಿಯ ಅಯ್ಯನವರು ವಾರಕ್ಕೊಮ್ಮೆ ಹಂಡೆಯನ್ನು ಬರಿದುಮಾಡಿಸಿ, ಆ ಮಣೆಯನ್ನು ಬೋರಲು ಹಾಕಿ ಬಿಸಿಲಿಗಿಡಿಸುತ್ತಿದ್ದರು. ಹಂಡೆಯನ್ನು ಬೆಳಗಿದರೆ ಸಾಲದೇ, ಕಾಣದ ಮಣೆಗೇಕೆ ಇಷ್ಟು ಶ್ರಮವೆಂದು ಆಗ ಗೊಣಗುತ್ತಿದ್ದೆ. ಉತ್ತರ ದೊರೆಯಲು ನಾನು ಅರವತ್ತು ದಾಟಿ ತಲ್ಲೂರಿಗೆ ಹೋಗಬೇಕಾಯಿತು.

ಮೊಮ್ಮಗ ಈಗಲೂ ಅಲ್ಲಿಯೇ ಚಾಪೆ ಹಾಸುತ್ತಾನಂತೆ. ಆದರೆ ಅವನ ತಾಯಿ ಚಾಪೆಯನ್ನು ನಾಲ್ಕು ಮಾರು ಹಿಂದಕ್ಕೆ ಎಳೆದಿದ್ದಾಳೆ. ಅದೂ ಸರಿಯೇ.